‘ಅಷ್ಟು’ ಏರಿತೋ, ‘ಅಷ್ಟಕ್ಕೆ’ ಏರಿತೋ?

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಈಗ ಬೆಂಗಳೂರಿನ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದೇನೆ. ತಿಂಗಳಿಗೊಮ್ಮೆ ಗ್ರಾಫ್ ತೋರಿಸುತ್ತಾ ಏರಿಳಿತವನ್ನು ಇಂಗ್ಲಿಷಿನಲ್ಲಿ ವಿವರಿಸಬೇಕು. ‘ಸೇಲ್ಸ್ ಆರ್ ಇನ್‌ಕ್ರೀಸ್ಡ್’ ಅಂದರೆ ಮ್ಯಾನೇಜರ್ ತಿದ್ದುತ್ತಾರೆ, ಯಾಕೆಂದು ಹೇಳುವುದಿಲ್ಲ. ಹೋದ ಸಲ ‘ಬೈ’ ಅನ್ನಬೇಕಾದಲ್ಲಿ ‘ಟು’ ಅಂದು ನಗೆಪಾಟಲಾದೆ. ಇದಕ್ಕೇನು ದಾರಿ?

ಉತ್ತರ: ನಿಮ್ಮ ತಲೆಯಲ್ಲಿ ಮೊದಲು ‘ಮಾರಾಟ ಹೆಚ್ಚಾಗಿದೆ’ ಎಂಬ ಕನ್ನಡ ಮೂಡುತ್ತದೆ. ಕೊನೆಯ ‘ಇದೆ’ ನಾಲಿಗೆಗೆ ಬರುವ ಹೊತ್ತಿಗೆ ‘ಈಸ್’, ‘ಆರ್’ ಆಗಿಬಿಡುತ್ತದೆ. ‘ಪುಸ್ತಕ ಮೇಜಿನ ಮೇಲಿದೆ’ ಎಂಬಲ್ಲಿನ ‘ಇದೆ’ ಬೇರೆ, ಈ ‘ಇದೆ’ ಬೇರೆ. ಇದು ಕೆಲಸ ಮುಗಿದು ಅದರ ಫಲ ಉಳಿದಿರುವುದನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹ್ಯಾವ್’ ಬೇಕು: ಸೇಲ್ಸ್ ಹ್ಯಾವ್ ಇನ್‌ಕ್ರೀಸ್ಡ್. ಮುಗಿದ ತಿಂಗಳನ್ನು ಹೆಸರಿಸಿದರೆ ಅದೂ ಬೇಡ: ಸೇಲ್ಸ್ ಇನ್‌ಕ್ರೀಸ್ಡ್ ಇನ್ ಮಾರ್ಚ್. ‘ಸಿನ್ಸ್ ಮಾರ್ಚ್’ ಅಂದಿರೋ, ಮಾತು ಇವತ್ತಿನವರೆಗೆ ಚಾಚುತ್ತದೆ, ‘ಹ್ಯಾವ್’ ಮರಳುತ್ತದೆ.

‘ಬೈ’, ‘ಟು’ ವಿಷಯದಲ್ಲಿ ಕನ್ನಡವೇ ನಿಮ್ಮ ಕೈ ಹಿಡಿಯುತ್ತದೆ. ‘ಹತ್ತರಷ್ಟು ಏರಿತು’ ಎಂದರೆ ಬೈ, ‘ಹತ್ತಕ್ಕೆ ಏರಿತು’ ಎಂದರೆ ಟು. ‘ಅಷ್ಟು’ ಬಂದಲ್ಲಿ ಬೈ, ‘ಕ್ಕೆ’ ಬಂದಲ್ಲಿ ಟು. ಮಾತಾಡುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಉಪದೇಶಿಸುವವರು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಹಾಗೆಯೇ ನಮ್ಮ ಏರು–ಏರಿಸು ಜೋಡಿ ಇಂಗ್ಲಿಷಿನ ರೈಜ್–ರೇಯ್ಜ್‌ಗೆ ಸರಿಹೊಂದುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2022ರ ಮೇನಿಂದ 2023ರ ಫೆಬ್ರುವರಿವರೆಗೆ ರೆಪೊ ದರವನ್ನು (ಅದು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ಹಂತಹಂತವಾಗಿ ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಬ್ಯಾಂಕು ಏರಿಸಿತು, ಅಂದರೆ ರೇಯ್ಜ್ಡ್; ದರ ಏರಿತು, ಅಂದರೆ ರೋಸ್. (ರೈಜ್ ಅನ್ನುವುದನ್ನು ರೈಸ್ ಮಾಡಬೇಡಿ, ಸಭೆಯಲ್ಲಿ ಅನ್ನ ಬಡಿಸಿದಂತಾಗುತ್ತದೆ.)

ಇದೇ ಉದಾಹರಣೆಯಲ್ಲಿ ದೊಡ್ಡ ಗುಂಡಿಯೊಂದಿದೆ. ದರ ಎಷ್ಟು ಏರಿತು? ‘ಬೈ ಟೂ ಪಾಯಿಂಟ್ ಫೈವ್ ಪರ್ಸೆಂಟ್’ ಅಂದರೆ ಲೆಕ್ಕ ತಪ್ಪಿತು. ನಾಲ್ಕರ ಮೇಲೆ ಎರಡೂವರೆ ಸೇರಿದರೆ ಏರಿಕೆ ಶೇ 62.5. ಎರಡು ಶೇಕಡಾ ಸಂಖ್ಯೆಗಳ ನಡುವಿನ ಅಂತರಕ್ಕೆ ಹೇಳಬೇಕಾದದ್ದು ‘ಟೂ ಪಾಯಿಂಟ್ ಫೈವ್ ಪರ್ಸೆಂಟೇಜ್ ಪಾಯಿಂಟ್ಸ್’. ಬ್ಯಾಂಕಿನವರ ಬಾಯಲ್ಲಿ ಅದು 250 ಬೇಸಿಸ್ ಪಾಯಿಂಟ್ಸ್, ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ 250 ಮೂಲಾಂಶ. ನಿಮ್ಮ ಮಾರುಕಟ್ಟೆ ಪಾಲು ಶೇ 10ರಿಂದ 12ಕ್ಕೆ ಹೋದಾಗಲೂ ಇದೇ ಪೇಚು. ‘ಟು’ ಬಳಸಿ ಎರಡೂ ಸಂಖ್ಯೆ ಹೇಳಿಬಿಟ್ಟರೆ ಯಾರೂ ದಾರಿ ತಪ್ಪುವುದಿಲ್ಲ.

ಬೆಳವಣಿಗೆ ನಿಧಾನವಾಯಿತು ಅನ್ನುವುದಕ್ಕೂ ಇಳಿಯಿತು ಅನ್ನುವುದಕ್ಕೂ ಅಜಗಜಾಂತರ. 100 ರೂಪಾಯಿಯ ಸಾಮಾನಿಗೆ ಒಂದು ವರ್ಷ ಶೇ 8, ಮರುವರ್ಷ ಶೇ 4 ಹಣದುಬ್ಬರ ಎಂದುಕೊಳ್ಳಿ. ಬೆಲೆ 108 ಆಗಿ, ಆಮೇಲೆ 112 ದಾಟುತ್ತದೆ. ಇಳಿದದ್ದು ಹಣದುಬ್ಬರ, ಬೆಲೆಯಲ್ಲ. ಮಾರಾಟದ ಮಾತಿನಲ್ಲೂ ಅಷ್ಟೇ: ಗ್ರೋತ್ ಸ್ಲೋಡ್ ಎಂದರೆ ಏರುತ್ತಲೇ ಇದೆ, ಮೊದಲಿನ ಬಿರುಸಿಲ್ಲ. ಸೇಲ್ಸ್ ಫೆಲ್ ಎಂದರೆ ನಿಜವಾಗಿ ಬಿತ್ತು. ಬಿದ್ದದ್ದನ್ನು ‘ನೆಗೆಟಿವ್ ಗ್ರೋತ್’ ಎಂದು ಕರೆಯುವ ಚಾಳಿಯಂತೂ ನನಗೆ ಸ್ವಲ್ಪವೂ ಹಿಡಿಸದು.

ಇನ್ನು ಸೋರ್ (ಗಗನಕ್ಕೇರು), ಪ್ಲಂಜ್ (ಪಾತಾಳಕ್ಕೆ ಕುಸಿ), ಸ್ಕೈರಾಕೆಟ್ (ರಾಕೆಟ್ಟಿನಂತೆ ಚಿಮ್ಮು) ಮುಂತಾದವು ಷೇರುಪೇಟೆ ಸುದ್ದಿಯ ತಲೆಬರಹಕ್ಕೆ ಸರಿ. ಶೇ 2ರ ಇಳಿಕೆಗೆ ಪ್ಲಂಜ್ ಅಂದರೆ ಮ್ಯಾನೇಜರ್ ಗಾಬರಿಯಾಗುತ್ತಾರೆ, ತುಸು ಎನ್ನುವ ಸ್ಲೈಟ್ಲಿ ಸಾಕು. ಮೆಲ್ಲನೆ ಆದದ್ದಕ್ಕೆ ಗ್ರ್ಯಾಜುಯಲಿ, ತಟ್ಟನೆ ಬಹಳಷ್ಟು ಆದದ್ದಕ್ಕೆ ಶಾರ್ಪ್ಲಿ, ಏರಿ ಒಂದು ಮಟ್ಟದಲ್ಲಿ ನಿಂತದ್ದಕ್ಕೆ ಲೆವೆಲ್ಡ್ ಆಫ್. ಈ ನಾಲ್ಕೈದು ಪದಗಳಲ್ಲಿ ವರ್ಷವಿಡೀ ಸಂಸಾರ ಸಾಗಿಸಬಹುದು.

ಪ್ರಶ್ನೆ: ಅಮೆರಿಕದ ಗ್ರಾಹಕರಿಗೆ ವರದಿ ಕಳಿಸುವಾಗ ಲಕ್ಷ, ಕೋಟಿ ಬಳಸಬಹುದೇ?

ಉತ್ತರ: ಬೇಡ. 10 ಲಕ್ಷ ಒಂದು ಮಿಲಿಯನ್, 100 ಕೋಟಿ ಒಂದು ಬಿಲಿಯನ್. ಅಲ್ಪವಿರಾಮದ ಜಾಗವನ್ನೂ ಬದಲಿಸಿ: ನಮ್ಮ 12,50,000 ಅವರಿಗೆ 1,250,000. ಅದಕ್ಕಿಂತ ಹೆಚ್ಚು ಎಡವುವುದು ‘ಫಸ್ಟ್ ಕ್ವಾರ್ಟರ್’ ಎನ್ನುವಲ್ಲಿ. ನಮ್ಮ ಹಣಕಾಸು ವರ್ಷದಲ್ಲಿ ಅದು ಏಪ್ರಿಲ್‌ನಿಂದ ಜೂನ್, ಅಲ್ಲಿನ ಬಹುಪಾಲು ಕಂಪನಿಗಳಿಗೆ ಜನವರಿಯಿಂದ ಮಾರ್ಚ್. ಪ್ರತಿ ಸಲವೂ ತಿಂಗಳ ಹೆಸರನ್ನೇ ಬರೆಯಿರಿ.