ಆಪ್ ತೋರಿಸದ ಹಾಡುಗಳನ್ನು ಹುಡುಕೋದು ಹೇಗೆ?

ಮೊಬೈಲ್ ಆಪ್ ತೋರಿಸುವ ಹಾಡುಗಳನ್ನೇ ಕೇಳಿ ಕೇಳಿ ಬೇಜಾರಾಗಿದೆ, ಹೊಸದನ್ನು ಎಲ್ಲಿ ಹುಡುಕಲಿ ಎಂದು ಕೇಳಿದ್ದೀರಿ. ನಾನು ಮೈಸೂರಿನವನು. ನನಗೆ ಒಳ್ಳೆಯ ಹಾಡುಗಳು ಸಿಕ್ಕಿದ್ದೆಲ್ಲ "ಇದು ಯಾರದ್ದು?" ಎಂದು ಪಕ್ಕದವರನ್ನು ಕೇಳಿದ್ದರಿಂದ.

ಇಲ್ಲಿ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಗಣೇಶನ ಹಬ್ಬಕ್ಕೆ ಪೆಂಡಾಲ್ ಹಾಕಿ ಸಂಗೀತ ಕಚೇರಿ ಇಡುತ್ತಾರೆ. ಯಾರು ಬೇಕಾದರೂ ಹೋಗಿ ಕೂರಬಹುದು. ಒಂದು ಸಂಜೆ ಅಲ್ಲಿ ಗಂಭೀರನಾಟದಲ್ಲಿ "ಶ್ರೀ ಜಾಲಂಧರ" ಹಾಡಿದರು. ಆ ರಾಗಕ್ಕೆ ಇರುವುದು ಐದೇ ಸ್ವರ, ರಿ ಇಲ್ಲ, ದ ಇಲ್ಲ. ಆದರೂ ಎಷ್ಟು ತುಂಬಿಕೊಂಡಿತ್ತು ಅಂದರೆ ನನಗೆ ಮೈ ಜುಮ್ಮೆಂದಿತು. ಪಕ್ಕದಲ್ಲಿ ಕೂತಿದ್ದ ಹಿರಿಯರನ್ನು ಮೆಲ್ಲಗೆ ಕೇಳಿದೆ, "ಯಾರ ಕೃತಿ ಸಾರ್?"

"ನಮ್ಮ ಮಹಾರಾಜರದ್ದೇ ಕಣಪ್ಪ. ಜಯಚಾಮರಾಜರದ್ದು. ಅಂಕಿತ ಶ್ರೀವಿದ್ಯಾ ಅಂತ."

ಮೈಸೂರಲ್ಲೇ ಹುಟ್ಟಿ ಬೆಳೆದರೂ ನನಗೆ ಇದು ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಅವರು ರಚಿಸಿದ್ದು 94 ಕೃತಿಗಳು! ಆ ತಿಂಗಳು ಪೂರ್ತಿ ಅವೇ. ಹುಡುಕುತ್ತಾ ಇನ್ನೊಂದು ಹೆಸರು ಸಿಕ್ಕಿತು, ನಿಕೊಲಾಯ್ ಮೆಟ್ನರ್. ರಷ್ಯಾದ ಪಿಯಾನೋ ಸಂಗೀತಗಾರ, ಲಂಡನ್ನಿನಲ್ಲಿ ನೆಲೆಸಿದ್ದವರು. ವಯಸ್ಸಾಗಿ, ಕಾಯಿಲೆ ಬಿದ್ದು, ಜನ ಮರೆಯುತ್ತಿದ್ದ ಹೊತ್ತಿನಲ್ಲಿ ನಮ್ಮ ಮಹಾರಾಜರು ದುಡ್ಡು ಕೊಟ್ಟು ಅವರ ಸಂಗೀತವನ್ನು ಎಚ್‌ಎಂವಿ ಕಂಪನಿಯಿಂದ ರೆಕಾರ್ಡ್ ಮಾಡಿಸಿದರು. ನುಡಿಸಿದ್ದು ಸ್ವತಃ ಮೆಟ್ನರ್. ಅವರು ತಮ್ಮ ಮೂರನೇ ಪಿಯಾನೋ ಕನ್ಚರ್ಟೋವನ್ನು (ಪಿಯಾನೋ ಜೊತೆ ದೊಡ್ಡ ವಾದ್ಯಮೇಳ ನುಡಿಸುವ ಕೃತಿ) ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ರೆಕಾರ್ಡ್ ಆಗದೇ ಹೋಗಿದ್ದರೆ ಅವರ ಕೈಯ ನುಡಿಸಾಣಿಕೆ ಎಷ್ಟೋ ಕಳೆದುಹೋಗುತ್ತಿತ್ತು, ಅಲ್ವಾ? ಪಾಶ್ಚಾತ್ಯ ಸಂಗೀತ ನನಗೆ ಏನೂ ಗೊತ್ತಿರಲಿಲ್ಲ. ಈಗ ರಾತ್ರಿ ಊಟ ಆದಮೇಲೆ ಸುಮ್ನೆ ಕೂತು ಮೆಟ್ನರ್ ಕೇಳುತ್ತೇನೆ. ಎಂಟನೇ ಕ್ರಾಸಿನಿಂದ ಅಲ್ಲಿಗೆ ಯಾವ ಆಪ್ ಕರೆದುಕೊಂಡು ಹೋಗುತ್ತಿತ್ತು ಹೇಳಿ!

ಆಮೇಲಿಂದ ಗುಜರಿ ಅಂಗಡಿಗಳಲ್ಲಿ ಹಳೇ ಗ್ರಾಮಫೋನ್ ಪ್ಲೇಟುಗಳನ್ನೂ ನೋಡುತ್ತೇನೆ. ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ಪ್ಲೇಟು, ಸಿಕ್ಕರೆ ಕವರಿನ ಹಿಂಬದಿ ಓದಿ. ಪಿಟೀಲು ಯಾರು, ಮೃದಂಗ ಯಾರು ಎಂದು ಹಾಕಿರುತ್ತಾರೆ. ಇಷ್ಟವಾದ ಪಕ್ಕವಾದ್ಯದವರ ಹೆಸರು ಬರೆದುಕೊಂಡು ಅವರನ್ನೇ ಹುಡುಕಿ. ನಾನು ಹಾಗೆ ಹುಡುಕಿದ ಹೆಸರು ಚೌಡಯ್ಯನವರದ್ದು. ನಮ್ಮ ತಿರುಮಕೂಡಲಿನವರು, ಪಿಟೀಲಿಗೆ ಏಳು ತಂತಿ ಹಾಕಿದವರು.

ಒಂದು ಮಾತು ಜೋಪಾನ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಓಡುವ ದಪ್ಪ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳು ಅರಗಿನವು. ಅವನ್ನು ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ. ನಾನು ಒಂದನ್ನು ಹಾಗೆ ಕಳೆದುಕೊಂಡೆ, ಅದರ ಇನ್ನೊಂದು ಪ್ರತಿ ಇನ್ನೂ ಸಿಕ್ಕಿಲ್ಲ. ಮೆತ್ತನೆಯ ಒಣಬಟ್ಟೆಯಲ್ಲಿ ಧೂಳು ತೆಗೆದರೆ ಸಾಕು.