ಕಡಲಿಗೆ ಕುದುರೆ ಇಳಿಸಿದ ದನಗಾಹಿಗಳು

ಪ್ರಶ್ನೆ: ಡಿಸೆಂಬರ್ ರಜೆಗೆ ಹವಾಯಿಯ ಬಿಗ್ ಐಲ್ಯಾಂಡಿಗೆ ಹೊರಟಿದ್ದೇವೆ. ವೈಮೇಯ ಊರಿನ ಪಾರ್ಕರ್ ರ‍್ಯಾಂಚ್‌ಗೆ (ದನ ಸಾಕುವ ದೊಡ್ಡ ಹುಲ್ಲುಗಾವಲಿಗೆ) ಒಂದು ದಿನ ಕೊಡಬಹುದೇ? ಅಲ್ಲೂ ಅಮೆರಿಕದ ಕೌಬಾಯ್‌ಗಳೇ ಆದರೆ ಬೇಡ ಅನ್ನುತ್ತಾಳೆ ಮಗಳು.
– ಓದುಗರೊಬ್ಬರು, ಕ್ಯಾಲಿಫೋರ್ನಿಯ

ಉತ್ತರ: ಖಂಡಿತ ಕೊಡಿ. ಟೆಕ್ಸಾಸಿನ ದನಗಾಹಿಗಳು ದೊಡ್ಡ ಹಿಂಡುಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೊರಟದ್ದು 1860ರ ದಶಕದ ಕೊನೆಗೆ. ಹವಾಯಿಯವರು ಅದಕ್ಕೂ ಮೂರು ದಶಕ ಮೊದಲೇ ಕುಣಿಕೆ ಬೀಸುವುದನ್ನು ಕಲಿತಿದ್ದರು ಎಂದು ಮಗಳಿಗೆ ಹೇಳಿ.

1793ರಲ್ಲಿ ಬ್ರಿಟಿಷ್ ನೌಕಾಪಡೆಯ ಕಪ್ತಾನ ಜಾರ್ಜ್ ವ್ಯಾಂಕೂವರ್ ಹವಾಯಿಯ ದೊರೆ ಕಮೆಹಮೆಹನಿಗೆ ದನಗಳನ್ನು ಕಾಣಿಕೆ ಕೊಟ್ಟ. ಕೊಲ್ಲಬಾರದೆಂದು ದೊರೆ ಕಟ್ಟಪ್ಪಣೆ ಮಾಡಿದ. ಅವು ಬೆಳೆದು, ಕಾಡುದನಗಳಾಗಿ, ತೋಟಗಳಿಗೆ ನುಗ್ಗತೊಡಗಿದವು. ಅವುಗಳನ್ನು ಬೇಟೆಯಾಡಲು ಅಪ್ಪಣೆ ಪಡೆದವನು ಮ್ಯಾಸಚೂಸೆಟ್ಸಿನ ಜಾನ್ ಪಾಮರ್ ಪಾರ್ಕರ್. ಅರಸು ಮನೆತನದ ಕಿಪಿಕಾನೆಯನ್ನು ಮದುವೆಯಾದ. 1847ರಲ್ಲಿ ಬರೀ ಎರಡು ಎಕರೆಯಿಂದ ರ‍್ಯಾಂಚ್ ಶುರುಮಾಡಿದ. ದನ ಹಿಡಿಯುವ ವಿದ್ಯೆ ಕಲಿಸಲು 1830ರ ದಶಕದಲ್ಲೇ ಕ್ಯಾಲಿಫೋರ್ನಿಯದಿಂದ ಮೆಕ್ಸಿಕನ್ ಸವಾರರು ಬಂದಿದ್ದರು. ಅವರ ‘ಎಸ್ಪಾನ್ಯೋಲ್’ (ಸ್ಪ್ಯಾನಿಷ್) ಎಂಬ ಮಾತೇ ಹವಾಯಿಯ ಬಾಯಲ್ಲಿ ‘ಪಾನಿಯೋಲೋ’, ಅಂದರೆ ದನಗಾಹಿ, ಆಯಿತು ಎನ್ನುತ್ತಾರೆ.

ಊರಿನ ಅಂಗಡಿ ಸಾಲಿನ ಹತ್ತಿರ ಪಾನಿಯೋಲೋ ಈಕುವಾ ಪರ್ಡಿಯ ಪ್ರತಿಮೆ ಇದೆ, ಅಲ್ಲಿ ನಿಲ್ಲಿ. 1908ರಲ್ಲಿ ವಯೋಮಿಂಗಿನ ಶೈಯೆನ್‌ಗೆ ಹೋಗಿ, ಎರವಲು ಕುದುರೆ ಏರಿ, 56 ಸೆಕೆಂಡಿನಲ್ಲಿ ಹೋರಿಯನ್ನು ಕೆಡವಿ ಕಟ್ಟಿ ಕೌಬಾಯ್‌ಗಳ ಸ್ಪರ್ಧೆ ಗೆದ್ದವನು ಇವನು. ಅಲ್ಲಿನವರಿಗೆ ಹವಾಯಿಯಲ್ಲಿ ದನಗಾಹಿಗಳಿದ್ದಾರೆ ಎಂಬುದೇ ಹೊಸ ಸುದ್ದಿ!

ಹಳೇ ಪಾನಿಯೋಲೋ ಹಗ್ಗ ಎಲ್ಲಾದರೂ ಕಂಡರೆ ಹತ್ತಿರದಿಂದ ನೋಡಿ. ಹಸಿ ಚರ್ಮದ ಎಳೆಗಳನ್ನು ಜಡೆಯಂತೆ ಹೆಣೆದದ್ದು. ಹೆಸರು ‘ಕೌಲ ಇಲಿ’. ರ‍್ಯಾಂಚಿನ ಹಳೇ ಮನೆಗಳು ಎಲ್ಲ ದಿನವೂ ತೆರೆದಿರುತ್ತವೆ ಎಂದುಕೊಳ್ಳಬೇಡಿ, ಹೊರಡುವ ಮೊದಲು ವಿಚಾರಿಸಿ. ವೈಮೇಯ ಎತ್ತರದ ಊರು, ಮಂಜು, ಜಿಟಿಜಿಟಿ ಮಳೆ. ಸ್ವೆಟರ್ ಮರೆಯಬೇಡಿ.

ಮಧ್ಯಾಹ್ನ ಬೆಟ್ಟ ಇಳಿದು ಕವೈಹೈ ಬಂದರಿಗೆ ಹೋಗಿ. ನನಗೆ ಎಲ್ಲಕ್ಕಿಂತ ಹಿಡಿಸಿದ ಕತೆ ಈ ದಡದ್ದು. ಹಡಗು ದಡಕ್ಕೆ ಬರಲಾಗದ ಆ ಕಾಲದಲ್ಲಿ ಪಾನಿಯೋಲೋಗಳು ಕುದುರೆಯ ಸಮೇತ ಅಲೆಗಿಳಿದು ದನಗಳನ್ನು ಈಜಿಸುತ್ತಿದ್ದರು. ಅಲ್ಲಿ ಕಾಯುತ್ತಿದ್ದ ದೋಣಿಯ ಅಂಚಿಗೆ ಅವುಗಳ ತಲೆ ಕಟ್ಟಿ, ಮೂಗು ನೀರಿನ ಮೇಲಿರುವಂತೆ ನೋಡಿಕೊಂಡು, ಹುಟ್ಟು ಹಾಕುತ್ತಾ ಹಡಗಿನ ತನಕ ಒಯ್ಯುತ್ತಿದ್ದರು. ಆಮೇಲೆ ಹೊಟ್ಟೆಗೆ ಪಟ್ಟಿ ಬಿಗಿದು ಒಂದೊಂದನ್ನೇ ಮೇಲಕ್ಕೆತ್ತುತ್ತಿದ್ದರು.