ಕಾಂಕ್ರೀಟ್ ಗೋಡೆ ಪ್ಲಾಸ್ಟಿಕ್ ಥರ ಯಾಕೆ ಕಾಣುತ್ತದೆ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಮನೆಗಳ ತ್ರೀಡಿ ಎಲಿವೇಷನ್, ಅಂದರೆ ಮುಂಭಾಗದ ಕಂಪ್ಯೂಟರ್ ಚಿತ್ರ, ಮಾಡಿಕೊಡುತ್ತೇನೆ. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್ ಬಳಸುತ್ತೇನೆ. ಈಗ ಕೆಲವರು ಮುಂಭಾಗಕ್ಕೆ ಗಿಲಾವು ಬೇಡ, ಬಣ್ಣ ಬೇಡ, ಕಾಂಕ್ರೀಟೇ ಕಾಣಲಿ ಅನ್ನುತ್ತಾರೆ. ಗೋಡೆಯ ಮೈಗೆ ಹೊದಿಸುವ ಚಿತ್ರ, ಅಂದರೆ ಟೆಕ್ಸ್ಚರ್, 8ಕೆಯದು (ಸುಮಾರು ಎಂಟು ಸಾವಿರ ಪಿಕ್ಸೆಲ್ ಅಗಲದ್ದು) ಇಳಿಸಿಕೊಂಡು ಹಾಕಿದೆ. ಆದರೂ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗಿದೆ. ಒಂದೇ ಕಲೆ ನಾಲ್ಕು ಕಡೆ ಕಾಣುತ್ತದೆ. ಕಂಪ್ಯೂಟರ್ ಬೇರೆ ನಿಂತೇ ಹೋಗುತ್ತದೆ. ಇದಕ್ಕಿಂತ ದೊಡ್ಡ ಟೆಕ್ಸ್ಚರ್ ಬೇಕಾ?
– ಸೇಡಂ ರಸ್ತೆಯ ಓದುಗ, ಕಲಬುರಗಿ

ಉತ್ತರ: ಬೇಡ. ಈಗ ಹಾಕಿರುವುದೇ ಜಾಸ್ತಿ. ಕಂಪ್ಯೂಟರ್ ನಿಲ್ಲುವುದಕ್ಕೆ ಕಾರಣವೂ ಅದೇ. ಒಂದು 8ಕೆ ಚಿತ್ರ ಮೆಮೊರಿಯಲ್ಲಿ ಬಿಚ್ಚಿಕೊಂಡರೆ ಸುಮಾರು 256 ಎಂಬಿ ತಿನ್ನುತ್ತದೆ. ಬಣ್ಣ, ರಫ್‌ನೆಸ್ (ಮೈಯ ಒರಟುತನ, ಕಡಿಮೆಯಾದಷ್ಟು ಹೊಳಪು), ನಾರ್ಮಲ್ (ಬೆಳಕಿನಲ್ಲಿ ಮಾತ್ರ ಕಾಣುವ ಉಬ್ಬುತಗ್ಗು), ಡಿಸ್‌ಪ್ಲೇಸ್‌ಮೆಂಟ್ (ಮಾಡೆಲ್ಲಿನ ಮೈಯಲ್ಲೇ ಆಗುವ ಉಬ್ಬುತಗ್ಗು) ಅಂತ ನಾಲ್ಕು ಹಾಕಿದರೆ ಒಂದು ಜಿಬಿ ಅಲ್ಲೇ ಹೋಯಿತು. ಅದೇ 2ಕೆ ಆದರೆ ಒಂದಕ್ಕೆ 16 ಎಂಬಿ ಸಾಕು. ಇನ್ನೊಂದು ಲೆಕ್ಕ ನೋಡಿ. 12 ಮೀಟರ್ ಅಗಲದ ಮನೆಯನ್ನು 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ತೋರಿಸಿದರೆ ಒಂದು ಪಿಕ್ಸೆಲ್ಲಿಗೆ ಆರು ಮಿಲಿಮೀಟರ್‌ಗಿಂತ ಜಾಸ್ತಿ ಗೋಡೆ ಬರುತ್ತದೆ. ಎರಡು ಮೀಟರ್ ಗೋಡೆಯ 2ಕೆ ಟೆಕ್ಸ್ಚರ್‌ನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು ಒಂದು ಮಿಲಿಮೀಟರ್. ಅಷ್ಟು ಸೂಕ್ಷ್ಮವೇ ನಿಮ್ಮ ಚಿತ್ರದಲ್ಲಿ ಕಾಣುವುದಿಲ್ಲ, ಇನ್ನು 8ಕೆ ಯಾಕೆ?

ನಿಜವಾದ ತೊಂದರೆ ಬೇರೆ ಕಡೆ ಇದೆ. ಕಾಂಕ್ರೀಟ್ ಯಾವುದಕ್ಕೆ ಒರಗಿಕೊಂಡು ಗಟ್ಟಿಯಾಯಿತೋ ಅದರ ಅಚ್ಚು ಅದರ ಮೈಮೇಲೆ ಉಳಿದುಬಿಡುತ್ತದೆ. ಹಾಗಾಗಿ ಯಾವ ಟೆಕ್ಸ್ಚರ್ ಇಳಿಸಲಿ ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಗೋಡೆಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚು, ಯಾವುದು ಅಂತ. ಉಕ್ಕಿನ ಪ್ಲೇಟಾ, ಪ್ಲೈವುಡ್ಡಾ, ಮರದ ಹಲಗೆಯಾ? ನಿಮ್ಮ ಊರಿನಲ್ಲಿ ಹೊಸ ಬಡಾವಣೆಗಳಿಗೇನು ಕಡಿಮೆಯಿಲ್ಲ. ಸೆಂಟ್ರಿಂಗ್ ಬಿಚ್ಚಿದ, ಇನ್ನೂ ಗಿಲಾವು ಮಾಡದ ಒಂದು ಕಟ್ಟಡದ ಮುಂದೆ ಹೋಗಿ ಸುಮ್ನೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಸ್ಲ್ಯಾಬ್ ಕೆಳಗೆ ನೋಡಿದರೆ ಮೂರಡಿ ಎರಡಡಿಯ ಪ್ಲೇಟುಗಳ ಗೆರೆಗಳು ಸಾಲಾಗಿ ಕಾಣುತ್ತವೆ, ಆ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿ ಸಣ್ಣ ಏಣು ನಿಂತಿರುತ್ತದೆ. ಪ್ಲೈವುಡ್ ಆಗಿದ್ದರೆ ಎಂಟಡಿ ನಾಲ್ಕಡಿಯ ದೊಡ್ಡ ಚೌಕ, ಮೈ ನುಣುಪು. ಹಲಗೆಯಾದರೆ ಮರದ ನಾರು ಕೂಡ ಅಚ್ಚಾಗಿರುತ್ತದೆ. ಕಾಲಂಗಳ ಮೈಮೇಲೆ ಗಾಳಿಗುಳ್ಳೆಯ ಸಣ್ಣ ಸಣ್ಣ ತೂತುಗಳಿರುತ್ತವೆ, ಯಾಕೆಂದರೆ ಮೇಲೆ ಹೋಗಬೇಕಾದ ಗಾಳಿ ಪ್ಲೇಟಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ವೈಬ್ರೇಟರ್ ಸರಿಯಾಗಿ ಇಳಿಯದ ಕಡೆ, ಹೆಚ್ಚಾಗಿ ಕಾಲಂ ಬುಡದಲ್ಲಿ, ಜಲ್ಲಿ ಬಯಲಾಗಿರುತ್ತದೆ.

ಇಷ್ಟು ನೋಡಿದರೆ ಕೆಲಸ ಎರಡು ಭಾಗ ಆಗುತ್ತದೆ. ಪ್ಲೇಟಿನ ಗೆರೆ, ಸಂದಿ, ಒಂದು ದಿನದ ಕಾಂಕ್ರೀಟ್ ನಿಂತು ಮರುದಿನದ್ದು ಶುರುವಾದ ಗೆರೆ, ಇವನ್ನು ಮಾಡೆಲ್‌ನಲ್ಲೇ ಅಳತೆ ಪ್ರಕಾರ ಹಾಕಿ, ಅವು ಸ್ಲ್ಯಾಬ್ ಮಟ್ಟಕ್ಕೆ ಹೊಂದಿಕೊಳ್ಳಲಿ. ಇಳಿಸಿಕೊಂಡ ಟೆಕ್ಸ್ಚರ್ ಸಣ್ಣ ತರಿಗೆ ಮಾತ್ರ. ನೀವು ಗೆರೆ ಇರುವ ಟೆಕ್ಸ್ಚರನ್ನೇ ಇಡೀ ಗೋಡೆಗೆ ಹಬ್ಬಿಸಿದಿರಿ ಅನಿಸುತ್ತದೆ. ಆಗ ಗೆರೆ ಕಿಟಕಿ ಮಧ್ಯೆ ಎಲ್ಲೆಲ್ಲೋ ಹಾದುಹೋಗುತ್ತದೆ, ಎರಡು ಮೂರು ಮಿಲಿಮೀಟರಿನ ತೂತು ಬೆರಳು ತೂರುವಷ್ಟು ದೊಡ್ಡದಾಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸುಳ್ಳು ಅಂತ ಗೊತ್ತಾಗುತ್ತದೆ, ಅಲ್ವಾ? ಟೆಕ್ಸ್ಚರ್ ಎಷ್ಟು ಮೀಟರ್ ಗೋಡೆಯದು ಅಂತ ಒಳ್ಳೆಯ ತಾಣಗಳಲ್ಲಿ ಬರೆದಿರುತ್ತಾರೆ. ಅದನ್ನು ಓದಿ ಅಷ್ಟೇ ಅಳತೆಗೆ ಕೂರಿಸಿ.

ಇನ್ನು ಪ್ಲಾಸ್ಟಿಕ್ ವಿಷಯ. ಇದು ಬಣ್ಣದಿಂದ ಬರುವುದಲ್ಲ, ರಫ್‌ನೆಸ್‌ನಿಂದ ಬರುವುದು. ರಫ್‌ನೆಸ್ ಚಿತ್ರ ಜೋಡಿಸಿದಾಗ ಅದರ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಅಂತಲೇ ಉಳಿದಿದ್ದರೆ ಬ್ಲೆಂಡರ್ ಅದನ್ನು ಬಣ್ಣ ಅಂದುಕೊಂಡು ಬೆಲೆಗಳನ್ನು ಕೆಳಗಿಳಿಸುತ್ತದೆ, ಗೋಡೆ ಹೊಳೆಯುತ್ತದೆ. ಅಲ್ಲಿ ನಾನ್-ಕಲರ್ ಆಯ್ಕೆ ಮಾಡಿ. ನಾರ್ಮಲ್ ಚಿತ್ರಕ್ಕೂ ಹಾಗೇ ಮಾಡಬೇಕು. ತೂತುಗಳು ಗುಳ್ಳೆಯಂತೆ ಉಬ್ಬಿ ಕಂಡರೆ ನೀವು ಡೈರೆಕ್ಟ್‌ಎಕ್ಸ್ ರೀತಿಯ ನಾರ್ಮಲ್ ಇಳಿಸಿದ್ದೀರಿ. ಬ್ಲೆಂಡರಿಗೆ ಓಪನ್‌ಜಿಎಲ್ ರೀತಿಯದು ಬೇಕು, ಇಲ್ಲವೇ ಹಸಿರು ಚಾನೆಲ್ ತಿರುಗಿಸಿ. ಮೆಟಾಲಿಕ್, ಅಂದರೆ ಲೋಹದ ಗುಣ, ಸೊನ್ನೆ ಇರಲಿ. ಒಣ ಕಾಂಕ್ರೀಟಿನ ರಫ್‌ನೆಸ್ಸನ್ನು ನಾನು 0.6 ರಿಂದ 0.9 ರ ಒಳಗೆ ಇಡುತ್ತೇನೆ, ಉಕ್ಕಿನ ಪ್ಲೇಟಿನ ಮೈಯಾದರೆ ಸ್ವಲ್ಪ ಕಡಿಮೆ. ಬಣ್ಣವನ್ನೂ ತೀರಾ ಬಿಳಿ ಮಾಡಬೇಡಿ. ಹಳೆಯ ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ, ಹೊಸದು ಅದಕ್ಕಿಂತ ತಿಳಿ. ನಾರ್ಮಲ್ ಸ್ಟ್ರೆಂತ್ ಎರಡು ಮೂರಕ್ಕೆ ಏರಿಸುವ ಚಾಳಿ ತುಂಬಾ ಜನರಿಗಿದೆ. ಅದನ್ನು ಒಂದಕ್ಕಿಂತ ಕೆಳಗೆ ತನ್ನಿ. ಮೂಲೆಗಳನ್ನೂ ನೋಡಿ. ಕಾಂಕ್ರೀಟಿನ ಅಂಚು ಬ್ಲೇಡಿನಷ್ಟು ಚೂಪಾಗಿ ಉಳಿಯುವುದಿಲ್ಲ. 20 ಮಿಲಿಮೀಟರಿನ ಒಂದು ಬೆವೆಲ್, ಅಂದರೆ ಅಂಚಿಗೆ ಓರೆ, ಕೊಟ್ಟರೆ ಸಾಕು, ಅದರ ಮೇಲೆ ಬೆಳಕು ಬಿದ್ದ ಕೂಡಲೇ ಗೋಡೆಗೆ ತೂಕ ಬರುತ್ತದೆ.

ಒಂದೇ ಕಲೆ ಮತ್ತೆ ಮತ್ತೆ ಕಾಣುವುದನ್ನು ತಪ್ಪಿಸಲು ನಾಯ್ಸ್ ಟೆಕ್ಸ್ಚರ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸುವ ಅಡ್ಡಾದಿಡ್ಡಿ ಮಚ್ಚೆ, ಬಳಸಿ. ಕಂಪ್ಯೂಟರ್ ಗ್ರಾಫಿಕ್ಸ್ ವಿಜ್ಞಾನಿ ಕೆನ್ ಪರ್ಲಿನ್ 1980ರ ದಶಕದಲ್ಲಿ ಕಂಡುಹಿಡಿದ ಲೆಕ್ಕ ಅದು, ಕಂಪ್ಯೂಟರ್ ಚಿತ್ರಗಳ ತೀರಾ ನಯವಾದ ಮೈ ಅವರಿಗೆ ಸಮಾಧಾನ ಕೊಡುತ್ತಿರಲಿಲ್ಲ. ಮೂರು ನಾಲ್ಕು ಮೀಟರ್ ಅಗಲದ ದೊಡ್ಡ ನಾಯ್ಸ್ ಒಂದನ್ನು ಬಣ್ಣಕ್ಕೆ ಬೆರೆಸಿ, ಕಂಡೂ ಕಾಣದಷ್ಟು. ಇನ್ನೊಂದನ್ನು ರಫ್‌ನೆಸ್ಸಿಗೆ ಕೊಡಿ. ಕಲೆಗಳನ್ನು ಮಾತ್ರ ನಾಯ್ಸಿಗೆ ಬಿಡಬೇಡಿ, ಅವನ್ನು ನೀರು ಹರಿಯುವ ದಾರಿ ನೋಡಿ ಕೈಯಾರೆ ಹಾಕಿ. ಪ್ಯಾರಪೆಟ್ ಕೆಳಗೆ, ಕಿಟಕಿಯ ಎರಡು ತುದಿಗಳಲ್ಲಿ, ನೀರಿನ ಪೈಪಿನ ಬಾಯಿಯ ಕೆಳಗೆ ಕಪ್ಪು ಗೆರೆ ಇಳಿಯುತ್ತದೆ. ಒಳಗಿನ ಸುಣ್ಣ ನೀರಿನ ಜೊತೆ ಹೊರಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದಾಗ ಬಿರುಕಿನ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಕಟ್ಟುತಂತಿಯ ತುದಿ ಉಳಿದ ಕಡೆ ತುಕ್ಕು ಜಾರಿರುತ್ತದೆ. ನಿಮ್ಮ ಕಡೆ ಕರಿಮಣ್ಣು, ಮಳೆಹನಿ ನೆಲಕ್ಕೆ ಬಡಿದು ಸಿಡಿದ ಕೆಸರು ಗೋಡೆಯ ಬುಡದಲ್ಲಿ ಒಂದೆರಡು ಅಡಿ ಹತ್ತಿರುತ್ತದೆ. ಬೀದರ್ ಕಡೆಯ ಕೆಂಪು ಮಣ್ಣಿನ ಜಾಗದಲ್ಲಿ ಅದೇ ಪಟ್ಟಿ ಕೆಂಪಾಗಿರುತ್ತದೆ. ಇಂಥದ್ದು ಯಾವ ತಾಣದಲ್ಲೂ ಸಿದ್ಧವಾಗಿ ಸಿಗುವುದಿಲ್ಲ.

ಬಿಸಿಲನ್ನು ಗೋಡೆಗೆ ಎದುರಾಗಿ ಇಡಬೇಡಿ, ಓರೆಯಾಗಿ ಸವರಿಕೊಂಡು ಹೋಗಲಿ. ಪಶ್ಚಿಮಕ್ಕೆ ಮುಖ ಇರುವ ಮನೆಗೆ ಮಧ್ಯಾಹ್ನ ಒಂದೂವರೆ ಗಂಟೆಯ ಬಿಸಿಲು ಚೆನ್ನ. ಬ್ಲೆಂಡರಿನ ಸನ್ ಪೊಸಿಷನ್ ಆಡ್‌ಆನ್‌ನಲ್ಲಿ ಕಲಬುರಗಿಯ ಅಕ್ಷಾಂಶ ರೇಖಾಂಶ ಕೊಟ್ಟರೆ ನಿಜವಾದ ಬಿಸಿಲೇ ಸಿಗುತ್ತದೆ.

ಕೊನೆಗೆ ಒಂದು ಮಾತು, ಇದು ನನಗೆ ಮುಖ್ಯ. ಮನೆ ಕಟ್ಟುವವರು ನಿಮ್ಮ ಚಿತ್ರ ನೋಡಿ ದುಡ್ಡು ಹಾಕುತ್ತಾರೆ. ಹಳೆಯ ಉಕ್ಕಿನ ಪ್ಲೇಟಿನಲ್ಲಿ ಕಟ್ಟುವ ಗೋಡೆಗೆ ನೀವು ಕನ್ನಡಿಯಂಥ ಮೈ ತೋರಿಸಿದರೆ ನಾಳೆ ಬೈಸಿಕೊಳ್ಳುವವನು ಸೆಂಟ್ರಿಂಗ್ ಕೆಲಸದವನು. ಸೆಂಟ್ರಿಂಗ್ ಯಾವುದು ಅಂತ ಇಂಜಿನಿಯರ್ ಸಾಹೇಬರನ್ನು ಮೊದಲೇ ಕೇಳಿ, ಅದನ್ನೇ ತೋರಿಸಿ.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕಿದ ಕಾಂಕ್ರೀಟ್ ಫೋಟೊ ಬಳಸಬಹುದಾ? ನಾನೇ ಮೊಬೈಲ್‌ನಲ್ಲಿ ತೆಗೆದರೆ ನಡೆಯುತ್ತದಾ?
– ಡಿಪ್ಲೊಮಾ ವಿದ್ಯಾರ್ಥಿನಿ, ಬೀದರ್

ಉತ್ತರ: ಗೂಗಲ್‌ನಲ್ಲಿ ಕಂಡದ್ದೆಲ್ಲ ಪುಕ್ಕಟೆ ಅಲ್ಲಮ್ಮ, ಅದಕ್ಕೆ ಯಾರೋ ಒಡೆಯರಿರುತ್ತಾರೆ. ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ತಾಣಗಳಲ್ಲಿ ಇರುವುದು ಸಿಸಿ0 ಪರವಾನಗಿಯದು, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ದುಡ್ಡಿನ ಕೆಲಸಕ್ಕೂ ಧೈರ್ಯವಾಗಿ ಬಳಸಿ.

ನೀವೇ ತೆಗೆದರೆ ಇನ್ನೂ ಒಳ್ಳೆಯದು. ಮೋಡ ಕವಿದ ದಿನ ತೆಗೆಯಿರಿ, ಇಲ್ಲವೇ ಪೂರ್ತಿ ನೆರಳಿನಲ್ಲಿರುವ ಗೋಡೆ ಹುಡುಕಿ. ಬಿಸಿಲಿನ ನೆರಳು ಫೋಟೊದೊಳಗೆ ಸೇರಿಬಿಟ್ಟರೆ ಆಮೇಲೆ ತೆಗೆಯುವುದು ಕಷ್ಟ. ಫ್ಲ್ಯಾಶ್ ಬೇಡ. ಸ್ವಲ್ಪ ಹಿಂದೆ ಸರಿದು, ಫೋನನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು, ಎಕ್ಸ್‌ಪೋಷರ್ ಲಾಕ್ ಮಾಡಿ. ಒಂದು ಫೋಟೊದಲ್ಲಿ ಟೇಪ್ ಇಟ್ಟು ತೆಗೆದರೆ ಅಳತೆ ಮರೆತುಹೋಗುವುದಿಲ್ಲ. ಅಂಚು ಸೇರಿಸುವುದಕ್ಕೆ ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಚೆನ್ನಾಗಿದೆ, ಅದು ಪುಕ್ಕಟೆ. ಅದರಲ್ಲಿ ಡಬ್ಲ್ಯೂ ಒತ್ತಿದರೆ ಚಿತ್ರ ಸುತ್ತಲೂ ಹಬ್ಬಿ ಕಾಣುತ್ತದೆ, ಎದ್ದು ಕಾಣುವ ಕಲೆಗಳನ್ನು ಅಲ್ಲೇ ಅಳಿಸಬಹುದು.

ಒಂದು ಎಚ್ಚರ ಇರಲಿ. ಆ ಬಣ್ಣದ ಫೋಟೊವನ್ನೇ ಕಪ್ಪುಬಿಳುಪು ಮಾಡಿ ಬಂಪ್‌ಗೆ (ಉಬ್ಬುತಗ್ಗು ತೋರಿಸುವ ಕಡೆಗೆ) ಜೋಡಿಸಬೇಡಿ. ಕಂಪ್ಯೂಟರಿಗೆ ಕಪ್ಪು ಅಂದರೆ ತಗ್ಗು. ಎಣ್ಣೆ ಕಲೆಯೂ ಅದಕ್ಕೆ ಗುಂಡಿಯೇ.

ಪ್ರಶ್ನೆ: ಮಳೆಯಲ್ಲಿ ನೆನೆದ ಕಾಂಕ್ರೀಟ್ ತೋರಿಸಬೇಕು. ಹೊಳಪು ಜಾಸ್ತಿ ಮಾಡಿದರೆ ಸಾಕಾ?
– ಓದುಗ, ಯಾದಗಿರಿ

ಉತ್ತರ: ಸಾಲದು, ಬಣ್ಣವೂ ಗಾಢವಾಗಬೇಕು. ನೀರಿನ ಪೊರೆಯೊಳಗೆ ಹೋದ ಬೆಳಕಿನಲ್ಲಿ ಸ್ವಲ್ಪ ಹೊರಗೆ ಬರಲಾಗದೆ ಮತ್ತೆ ಕಾಂಕ್ರೀಟಿಗೇ ಬಡಿಯುತ್ತದೆ, ಬಡಿದಾಗಲೆಲ್ಲ ಒಂದಿಷ್ಟು ಹೀರಿಹೋಗುತ್ತದೆ. ಅದಕ್ಕೇ ನೆನೆದದ್ದು ಕಪ್ಪಾಗಿ ಕಾಣುವುದು. ಬೇಸ್ ಕಲರನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ನೋಡಿ. ನೀರು ನಿಂತ ಕಡೆ ರಫ್‌ನೆಸ್ 0.1ಕ್ಕಿಂತ ಕೆಳಗಿರಲಿ, ಅಲ್ಲಿ ನಾರ್ಮಲ್ಲನ್ನೂ ಸೊನ್ನೆ ಮಾಡಿ, ಯಾಕೆಂದರೆ ನಿಂತ ನೀರಿಗೆ ತರಿ ಇರುವುದಿಲ್ಲ. ಇಡೀ ಗೋಡೆ ನೆನೆಸಬೇಡಿ. ಸಜ್ಜಾ ಕೆಳಗೆ ಒಣಗಿರಲಿ, ನೆನೆದದ್ದಕ್ಕೂ ಒಣಗಿದ್ದಕ್ಕೂ ನಡುವಿನ ಗಡಿಯನ್ನು ನಾಯ್ಸ್ ಹಾಕಿ ಅಂಕುಡೊಂಕು ಮಾಡಿ.